ಎತ್ತಿದ ಬೆರಳು, ಏಳದ ಕಾಲು

ಗಂಟಲ ಮೇಲೆ ಕ್ಷೌರದ ಕತ್ತಿ ಇರುವಾಗ ಮನುಷ್ಯನಾದವನು ಬೆರಳು ಎತ್ತಬಾರದು. ಕೆಂಟಕಿಯ ಈ ಸಾರೆಲ್ ಕ್ರೀಕ್ ಊರಿನಲ್ಲಿ ಅಪ್ಪಂದಿರ ಗಡ್ಡ, ಮಕ್ಕಳ ಗಡ್ಡ ಎರಡನ್ನೂ ಬೋಳಿಸಿದ ಅನುಭವದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಎಸ್ಟಿಲ್ ರಾಟ್ಲಿಫ್ ಅವತ್ತು ಎತ್ತಿದ್ದು ಒಂದೇ ಬೆರಳು. ಅಷ್ಟರಿಂದ ಒಂದು ಸೇತುವೆಗೆ ಹೆಸರು ಬಂತು, ಭಾವಮೈದುನನ ಬೂಟು ಹಾಳಾಯಿತು, ಬದುಕಿರುವವನ ಮನೆಗೆ ಸಾವಿನ ಊಟ ಬಂತು.

ಶನಿವಾರ ಮಧ್ಯಾಹ್ನದ ಮೇಲೆ ನನ್ನ ಅಂಗಡಿಯಲ್ಲಿ ಕ್ಷೌರ ಬರೀ ನೆಪ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಊರವರು ಬ್ಲೂಗ್ರಾಸ್ ಎನ್ನುವ ನಮ್ಮ ಬೆಟ್ಟದ ಹಾಡು ಬಾರಿಸಲು ಕೂರುತ್ತಾರೆ. ಹೋಬಾರ್ಟ್‌ನ ಪಿಟೀಲು, ಒಂದು ಮ್ಯಾಂಡೊಲಿನ್, ಒಂದು ಗಿಟಾರು. ಕೈ ಬಿಡುವಾದಾಗ ನಾನೂ ಮೂಲೆಯಲ್ಲಿರುವ ಆಳೆತ್ತರದ ಬೇಸ್ ಪಿಟೀಲನ್ನು ಅಪ್ಪಿಕೊಂಡು ನಿಲ್ಲುತ್ತೇನೆ. ಹಾಳೆ ನೋಡಿಕೊಂಡು ಬಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಇರುವುದು ಎರಡೇ ಕಾನೂನು. ಹಾಡು ಶುರು ಮಾಡಿದವನೇ ಆ ಹಾಡಿನ ಯಜಮಾನ, ಎರಡೂ ಅವನ ಕೈಯಲ್ಲಿ. ಅವನು ಯಾರ ಕಡೆ ತಲೆಯಾಡಿಸುತ್ತಾನೋ ಅವರು ಒಂದು ಸುತ್ತು ಮುಂದೆ ಬಂದು ಮೆರೆಯಬೇಕು. ಅವನು ಕಾಲು ಎತ್ತಿದನೋ, ಎಲ್ಲರೂ ಅಲ್ಲಿಗೇ ಒಟ್ಟಿಗೆ ಮುಗಿಸಬೇಕು. ಬೈಬಲ್ಲಿನ ಬಗ್ಗೆ ನಮ್ಮ ಊರಿನಲ್ಲಿ ಜಗಳವಾಗಿ ಮೂರು ಚರ್ಚು ಕಟ್ಟಿದ್ದಾರೆ. ಈ ಎರಡು ಕಾನೂನಿನ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಿಲ್ಲ.

ಎಸ್ಟಿಲನೂ ಬ್ಯಾಂಜೋ ತರುತ್ತಿದ್ದ. ಆದರೆ ಅವನ ಜಾಗ ದುಂಡಿನ ಹೊರಗೆ, ಕೋಟು ನೇತುಹಾಕುವ ಗೂಟದ ಕೆಳಗೆ, ನಾನು ಗುಡಿಸಿ ಹಾಕಿದ ಕೂದಲಿನ ಪಕ್ಕ. ಇವನು ಶಾಲೆಯ ಬಸ್ಸು ಓಡಿಸುವವನು. ಭಾನುವಾರ ಬೆಳಿಗ್ಗೆ ಬಸ್ಸು ತೆಗೆದುಕೊಂಡು ಹೋಗಿ ಮಕ್ಕಳ ಮನೆ ಮುಂದೆ ಹಾರ್ನು ಹೊಡೆದು ಬೈಸಿಕೊಂಡ ಆಸಾಮಿ. ಅವನ ಬ್ಯಾಂಜೋ ಎಲ್ಲರಿಗಿಂತ ಅರ್ಧ ತಾಳ ಹಿಂದೆ ಬರುತ್ತಿತ್ತು, ಯಾವತ್ತೂ ಅಷ್ಟೇ ಹಿಂದೆ. ಅವನ ಕಡೆ ಯಾರೂ ತಲೆಯಾಡಿಸಿದ್ದಿಲ್ಲ. ಒಮ್ಮೆ ಹೋಬಾರ್ಟ್ ಆಡಿಸಿದನೆಂದು ಎಗರಿ ಮುಂದೆ ಬಂದು ನೋಡಿದರೆ, ಹೋಬಾರ್ಟ್ ಹಣೆಯ ಮೇಲಿನ ನೊಣ ಓಡಿಸುತ್ತಿದ್ದ. ಎಸ್ಟಿಲನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಎರಡೇ: ದುಂಡಿನೊಳಗೆ ಒಂದು ಕುರ್ಚಿ, ಮತ್ತು ಗೋಡೆಗೊರಗಿದ ಬೆಂಚಿನ ಮೇಲೆ ಕೂತು ಕೇಳುವ ಹೆಂಡತಿ ವರ್ನೆಲ್. ಆಕೆಯೋ, "ಮನೇಲಿ ಕೇಳಿದ್ದೇ ಸಾಕು, ಅಂಗಡಿಗೂ ಬಂದು ಕೇಳ್ಬೇಕಾ?" ಎಂದು ಒಂದು ದಿನವೂ ಬಂದಿರಲಿಲ್ಲ.

ಅಂಗಡಿಯ ಕಪಾಟಿನ ಮೇಲೆ ಒಂದು ಹಳೆಯ ಟೀವಿ ಇದೆ. ಸಂಜೆ ನಾಲ್ಕಕ್ಕೆ ಅದರಲ್ಲಿ 'ಹೇಸರಗತ್ತೆ ಮೇಯರ್' ಬರುತ್ತದೆ. ಎಂದೋ ತೆಗೆದದ್ದು, ಈಗಲೂ ದಿನಾ ಹಾಕುತ್ತಾರೆ. ಒಂದು ಊರಿನವರು ಕಣ್ತಪ್ಪಿನಿಂದ ಹೇಸರಗತ್ತೆಯನ್ನು ಮೇಯರ್ ಆಗಿ ಆರಿಸಿ, ಆಮೇಲೆ ಹಿಂದಿನವನಿಗಿಂತ ಇದೇ ವಾಸಿ ಎಂದು ಇಟ್ಟುಕೊಳ್ಳುವ ಕಥೆ. ಅದರ ಶುರುವಿಗೆ ಒಂದು ಬ್ಯಾಂಜೋ ಬರುತ್ತದೆ, ಒಂದು ನಿಮಿಷವೂ ಇಲ್ಲ. ಬಾರಿಸುತ್ತ ಬಾರಿಸುತ್ತ ಏರಿ, ಇನ್ನೇನು ಎನ್ನುವಷ್ಟರಲ್ಲಿ ಹೇಸರಗತ್ತೆ ಕಚೇರಿಯ ಬಾಗಿಲಿಗೆ ಧಡ್ ಎಂದು ಒದೆಯುತ್ತದೆ, ಕಥೆ ಶುರು. ಆ ಬ್ಯಾಂಜೋ ಕೇಳಿಸಿದರೆ ನಮ್ಮ ಕಣಿವೆಯಲ್ಲಿ ಅಳುವ ಕೂಸೂ ಸುಮ್ಮನಾಗುತ್ತದೆ.

ಅವತ್ತು ಎಸ್ಟಿಲ್ ನನ್ನ ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಮಲಗಿದ್ದ. ಟೀವಿಯಲ್ಲಿ ಬ್ಯಾಂಜೋ ಶುರುವಾಯಿತು. ದುಂಡಿನವರೆಲ್ಲ ಕೈ ನಿಲ್ಲಿಸಿ ಕೇಳಿದರು.

"ಆಹಾ! ಯಾರಪ್ಪಾ ಇದನ್ನ ಬಾರಿಸಿರೋ ಪುಣ್ಯಾತ್ಮ?" ಎಂದ ಹೋಬಾರ್ಟ್. "ಹೇಸರಗತ್ತೆ ಹೆಸರು ಹಾಕ್ತಾರೆ, ಅದಕ್ಕೆ ಹುಲ್ಲು ಹಾಕಿದವನ ಹೆಸರೂ ಹಾಕ್ತಾರೆ. ಈ ಬ್ಯಾಂಜೋದವನ ಹೆಸರು ಮಾತ್ರ ಹಾಕಲ್ಲ, ಕಟುಕರು!"

ಸರಿಯಾಗಿ ಆಗಲೇ ಎಸ್ಟಿಲ್ ಬೆರಳು ಎತ್ತಿದ.

ಅವನಿಗೆ ಸೀನು ಬಂದಿತ್ತು. ಕತ್ತಿ ತೆಗಿ ಎಂದು ನನಗೆ ಮಾಡಿದ ಸನ್ನೆ ಅದು. ನಾನು ಕತ್ತಿ ತೆಗೆದೆ, ಅವನು ಸೀನಿದ, ಕನ್ನಡಿಯ ತುಂಬ ನೊರೆ ಹಾರಿತು. ಸೀನಿನ ರಭಸಕ್ಕೆ ಅವನ ತಲೆ ಎರಡು ಸಲ ಮೇಲೆ ಕೆಳಗೆ ಆಡಿತು.

"ನೀನಾ?" ಎಂದ ಹೋಬಾರ್ಟ್.

ದುಂಡಿನವರೆಲ್ಲ ಅವನ ಕಡೆ ತಿರುಗಿದರು.

"ಅದಕ್ಕೇ!" ಎಂದು ಹೋಬಾರ್ಟ್ ತೊಡೆ ತಟ್ಟಿಕೊಂಡ. "ಇವನು ಮಿಲಿಟರಿ ಸೇರಿ, ಈ ಟೀವಿ ಕಥೆ ತೆಗೆಯೋ ಕ್ಯಾಲಿಫೋರ್ನಿಯಾದಲ್ಲೇ ಇದ್ನಲ್ಲ! ಆಲೂಗಡ್ಡೆ ಸುಲೀತಿದ್ದೆ ಅಂತ ನಮ್ಮ ಕಿವಿ ಮೇಲೆ ಹೂ ಇಟ್ಟ. ಆಲೂಗಡ್ಡೆ ಸುಲಿಯೋಕೆ ಅಷ್ಟು ದೂರ ಯಾರಯ್ಯಾ ಕಳಿಸ್ತಾರೆ? ಕೆಂಟಕಿಯಲ್ಲಿ ಆಲೂಗಡ್ಡೆಗೆ ಬರ ಬಂದಿತ್ತಾ?"

ಎಸ್ಟಿಲ್ ಅಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೋಬಾರ್ಟ್ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿ, ದುಂಡಿನ ನಡುವೆ ಎಳೆದು ಇಟ್ಟ. ಎಸ್ಟಿಲ್ ಕುರ್ಚಿಯನ್ನು ನೋಡಿದ, ಬಾಯಿ ಮುಚ್ಚಿದ. ಇಷ್ಟೇ ಅವನ ಅಪರಾಧ.

ಕೆಟ್ಟದಾಗಿ ಬಾರಿಸುವವನು ಟೀವಿಗೆ ಹೇಗೆ ಬಾರಿಸಿದ ಎಂದು ಯಾರಾದರೂ ಕೇಳುತ್ತಾರೆ ಎಂದುಕೊಂಡೆ. ಯಾರೂ ಕೇಳಲಿಲ್ಲ. "ನಮಗೆ ಮುಖಭಂಗ ಆಗದಿರಲಿ ಅಂತ ಬೇಕಂತಲೇ ಹಿಂದೆ ಬಾರಿಸ್ತಿದ್ದ, ಎಂಥ ದೊಡ್ಡ ಮನಸ್ಸು" ಎಂದರು ಕೆಲವರು. "ಅದು ಹಾಲಿವುಡ್ ಶೈಲಿ, ಹಾಗೇ ಬಾರಿಸಬೇಕು" ಎಂದರು ಇನ್ನು ಕೆಲವರು. ಮುಂದಿನ ಶನಿವಾರ ಎಲ್ಲರೂ ಅರ್ಧ ತಾಳ ಹಿಂದೆ ಬೀಳಲು ಹೊರಟರು. ಒಬ್ಬರಿಗಿಂತ ಒಬ್ಬರು ಹಿಂದೆ ಸರಿದು, ಹಾಡು ಶುರುವಾಗಿಯೂ ಯಾರೂ ಶುರು ಮಾಡದೆ, ನಾನೊಬ್ಬನೇ ಬೇಸ್ ಹಿಡಿದು ಖಾಲಿ ಬಸ್ಸಿನ ಕಂಡಕ್ಟರ್ ಹಾಗೆ ನಿಂತಿದ್ದೆ.

ವರ್ನೆಲ್ ಬಂದಳು, ಹೂವಿನ ಅಂಗಿ ಹಾಕಿಕೊಂಡು. ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇಷ್ಟು ವರ್ಷ ಸಂಸಾರ ಮಾಡಿದೀನಿ, ಒಂದು ಮಾತು ಬಾಯಿ ಬಿಟ್ಟಿಲ್ಲ ನೋಡಿ ಈ ಮನುಷ್ಯ." ಬೈಗುಳವೇ. ಆದರೆ ಹೇಳುವಾಗ ಅವಳ ಮುಖ ಅರಳಿತ್ತು. ಎಸ್ಟಿಲ್ ಅದನ್ನು ನೋಡಿ ಹಿಗ್ಗಿನಲ್ಲಿ ಬ್ಯಾಂಜೋದ ಎರಡು ತಂತಿ ಹರಿದುಹಾಕಿದ.

ಎಸ್ಟಿಲನ ಮನೆಯಲ್ಲಿ ಇನ್ನೊಬ್ಬರಿದ್ದರು, ವರ್ನೆಲಳ ತಾಯಿ ಲೂಲಾ. ಹಳೆಯ ಕಟ್ಟಿನ ಬ್ಯಾಪ್ಟಿಸ್ಟ್ ಚರ್ಚಿನ ಹೆಂಗಸು. ಅಲ್ಲಿ ದೇವರಿಗೆ ಬರೀ ಬಾಯಲ್ಲಿ ಹಾಡುತ್ತಾರೆ, ವಾದ್ಯವೆಂದರೆ ಆಗದು. ಬ್ಯಾಂಜೋಗೆ ಆಕೆಯ ಮನೆಯೊಳಗೆ ಪ್ರವೇಶವಿರಲಿಲ್ಲ; ಎಸ್ಟಿಲ್ ಅಂಗಳದಲ್ಲಿ ಬಾರಿಸುತ್ತಿದ್ದ, ಅದು ಕೋಳಿಗೂಡಿನಲ್ಲಿ ಮಲಗುತ್ತಿತ್ತು. ಆದರೆ ನಾಲ್ಕು ಗಂಟೆಯ 'ಹೇಸರಗತ್ತೆ ಮೇಯರ್' ಒಂದು ದಿನ ತಪ್ಪಿದರೂ ಆಕೆಗೆ ಅನ್ನ ಸೇರದು. ಹಾಡು ಬರುವಷ್ಟು ಹೊತ್ತು ಟೀವಿಯ ಸದ್ದು ಪೂರ್ತಿ ಇಳಿಸಿ, ಹೇಸರಗತ್ತೆ ಬಾಗಿಲು ಒದ್ದ ಮೇಲೆ ಏರಿಸುತ್ತಿದ್ದರು. "ಬ್ಯಾಂಜೋ ಸೈತಾನನ ಡಬ್ಬ. ಹೇಸರಗತ್ತೆ ದೇವರ ಸೃಷ್ಟಿ" ಎಂದು ಅದಕ್ಕೆ ಸಮಜಾಯಿಷಿ.

ಅಳಿಯನ ಸುದ್ದಿ ಕೇಳಿ ಆಕೆ ಹೇಳಿದ್ದು ಇಷ್ಟು: "ನೀನು ಬಾರಿಸಿದ್ದು ನಿಜ ಆದ್ರೆ ನರಕಕ್ಕೆ ಹೋಗ್ತೀಯ. ಸುಳ್ಳಾದ್ರೂ ನರಕಕ್ಕೇ ಹೋಗ್ತೀಯ. ಕೈ ತೊಳ್ಕೊಂಡು ಬಾ, ಊಟ ಆರ್ತಿದೆ."

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಅದು ಚುನಾವಣೆಯ ವರ್ಷ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಜಡ್ಜ್ ಕ್ಲೋವಿಸ್ ಆಂಬರ್ಗಿ ಅಂಗಡಿಗೆ ಬಂದ. ನಮ್ಮಲ್ಲಿ ಕೌಂಟಿಯ ಜಡ್ಜ್ ಎಂದರೆ ಕೋರ್ಟಿನಲ್ಲಿ ಕೂರುವವನಲ್ಲ, ಓಟು ಗೆದ್ದು ರಸ್ತೆ ಮಾಡಿಸುವವನು. ಮಾಡಿಸದೆಯೂ ಇರುವವನು.

"ಆರ್ಲೀ," ಎಂದು ನನ್ನ ಹೆಗಲ ಮೇಲೆ ಕೈ ಹಾಕಿದ, "ಹೊಳೆಗೆ ಹೊಸ ಸೇತುವೆ ರೆಡಿ. ಎಸ್ಟಿಲನ ಹೆಸರು ಇಡ್ತೀನಿ. ಉದ್ಘಾಟನೆ ದಿನ ಅವನು ಆ ಹಾಡನ್ನ ಪೂರ್ತಿ ಬಾರಿಸಬೇಕು."

"ಸೇತುವೆಗೆ ಸತ್ತವರ ಹೆಸರಲ್ವಾ ಇಡೋದು?" ಎಂದೆ.

"ಸತ್ತವರು ಓಟು ಹಾಕ್ತಾರೇನಯ್ಯಾ?"

"ಈ ಕೌಂಟಿಯಲ್ಲಿ ಹಾಕ್ತಾರೆ."

ಅವನು ಕೆಮ್ಮಿ ಬೇರೆ ಮಾತಿಗೆ ಹೋದ. ಬೋರ್ಡು ಬರೆಯುವವನ ಹತ್ತಿರ ಇದ್ದದ್ದು ಒಂದೇ ಅಚ್ಚು, ಸತ್ತವರಿಗಾಗಿ ಮಾಡಿದ್ದು. ಹಾಗಾಗಿ ಹೊಳೆಯ ದಂಡೆಯಲ್ಲಿ 'ಎಸ್ಟಿಲ್ ರಾಟ್ಲಿಫ್ ಸ್ಮಾರಕ ಸೇತುವೆ' ಎಂದು ದಪ್ಪ ಅಕ್ಷರದ ಬೋರ್ಡು ನಿಂತಿತು.

ಬೆಟ್ಟದ ಆಚೆ ಕಡೆಯವರಿಗೆ ಟೀವಿಯ ಬ್ಯಾಂಜೋ ಸುದ್ದಿ ಮುಟ್ಟಿರಲಿಲ್ಲ, ಬೋರ್ಡು ಮಾತ್ರ ಕಂಡಿತು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಅಭ್ಯಾಸ ನಮ್ಮ ಜನಕ್ಕಿಲ್ಲ. ಕೋಳಿ ಸಾರಿನ ಪಾತ್ರೆ, ಬಾಳೆಹಣ್ಣಿನ ಪಾಯಸ, ಸೇಬಿನ ಕಡುಬು ಹಿಡಿದುಕೊಂಡು ಹೆಂಗಸರು ಬಂದರು. ಬಾಗಿಲು ತೆರೆದವನು ಎಸ್ಟಿಲ್.

"ಪಾಪ, ಹೋದವರಿಗೆ ನೀವೇನಾಗ್ಬೇಕು?" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡರು.

ಎಸ್ಟಿಲ್ ಗಾಬರಿಯಾದ. "ತುಂಬ... ತುಂಬ ಹತ್ತಿರದವನು" ಎಂದ.

"ನೋವಲ್ಲಿ ನರಳಿದರಾ?"

"ಈಗ ಸ್ವಲ್ಪ ನರಳ್ತಿದ್ದಾರೆ" ಎಂದು ಪಾತ್ರೆ ಇಸಿದುಕೊಂಡ. ಆ ವಾರ ವರ್ನೆಲ್ ಒಲೆ ಹಚ್ಚಲಿಲ್ಲ. ಲೂಲಾ ಎರಡನೆಯ ಬಾರಿ ಪಾಯಸ ಬಡಿಸಿಕೊಂಡು, "ಇನ್ನೊಂದೆರಡು ಸೇತುವೆಗೂ ಹೆಸರು ಇಡಿಸ್ಕೋ" ಎಂದರು.

ಉದ್ಘಾಟನೆಗೆ ವಾರ ಇರುವಾಗ ಎಸ್ಟಿಲ್ ನನ್ನ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡ. ಮುಖ ಸುಣ್ಣದಂತಾಗಿತ್ತು.

"ಆರ್ಲೀ, ಅದು ಸೀನು ಅಂತ ನಿನಗೊಬ್ಬನಿಗೇ ಗೊತ್ತು. ಸತ್ಯ ಹೇಳಿಬಿಡಲಾ?"

"ಹೇಳು. ಯಾರು ಬೇಡ ಅಂದ್ರು?"

"ಹೇಳಿದ್ರೆ ಆ ಕುರ್ಚಿ ಹೋಗುತ್ತೆ. ವರ್ನೆಲ್ ಮತ್ತೆ ಈ ಬೆಂಚಿಗೆ ಬರಲ್ಲ." ಬಾಗಿಲು ಹಾಕಿದೆಯಾ ಎಂದು ಇನ್ನೊಮ್ಮೆ ನೋಡಿಕೊಂಡ. "ಅದಿರ್ಲಿ, ಆ ಹಾಡು ಹೇಗೆ ಮುಗಿಯುತ್ತೆ?"

"ಹೇಸರಗತ್ತೆ ಒದೆಯುತ್ತೆ."

"ಅದು ಕಥೆ ಕಣೋ. ಹಾಡು? ಹಾಡು ಹೇಗೆ ಮುಗಿಯುತ್ತೆ?"

ನಾನು ಯೋಚಿಸಿದೆ. ದಿನಾ ಕೇಳುವ ಹಾಡು. ಅದರ ಕೊನೆಯನ್ನು ನಮ್ಮ ಕಣಿವೆಯಲ್ಲಿ ಒಬ್ಬನೂ ಕೇಳಿರಲಿಲ್ಲ. ನನಗೇ ಒಂದು ಕ್ಷಣ ಕುರ್ಚಿ ಬೇಕಾಯಿತು.

"ನೋಡು, ನೀನು ಯಜಮಾನ" ಎಂದೆ. "ಸಾಕು ಅನ್ನಿಸಿದಾಗ ಕಾಲು ಎತ್ತು. ನಾವೆಲ್ಲ ಅಲ್ಲಿಗೇ ಮುಗಿಸ್ತೀವಿ. ಜನ ಅದೇ ಅದರ ಕೊನೆ ಅಂದ್ಕೋತಾರೆ."

"ನಾನು... ಕಾಲು ಎತ್ತೋದಾ?" ಅವನ ಕಣ್ಣು ತುಂಬಿತು. ಬದುಕಿನಲ್ಲಿ ಅವನಿಗೆ ಆ ಹಕ್ಕು ಸಿಕ್ಕಿರಲಿಲ್ಲ. ಆ ವಾರವೆಲ್ಲ ನಿಂತಲ್ಲಿ ಕೂತಲ್ಲಿ ಕಾಲೆತ್ತುವ ಅಭ್ಯಾಸ ಮಾಡಿದ. ಬಸ್ಸು ಇಳಿಜಾರಿನಲ್ಲಿರುವಾಗ ಬ್ರೇಕಿನ ಮೇಲಿಂದಲೂ ಒಮ್ಮೆ ಎತ್ತಿದನಂತೆ. ಪಾದ್ರಿಗಳ ಬೇಲಿ ಇನ್ನೂ ಸರಿಯಾಗಿಲ್ಲ.

ಉದ್ಘಾಟನೆಯ ದಿನ ನಮ್ಮ ಕಡೆಯ ಆಗಸ್ಟ್ ತಿಂಗಳ ಬಿಸಿಲು ಸುಡುತ್ತಿತ್ತು. ವರ್ನೆಲ್ ತನ್ನ ತಮ್ಮ ಡಾಯ್ಲ್‌ನ ಹೊಳೆಯುವ ಬೂಟನ್ನು ಗಂಡನ ಕಾಲಿಗೆ ಹಾಕಿಸಿದ್ದಳು. ಒಂದು ಅಳತೆ ಚಿಕ್ಕದು. ಏರಿಸಲು ಇಬ್ಬರು ಗಂಡಸರು ಬೇಕಾದರು. ಕ್ಲೋವಿಸ್ ನಮ್ಮನ್ನು ಸೇತುವೆಯ ನಟ್ಟನಡುವೆ ನಿಲ್ಲಿಸಿದ. ಅಲ್ಲಿ ಎರಡು ಹಾಸು ಕೂಡುವ ಸಂದಿಗೆ ಬೆಳಿಗ್ಗೆಯಷ್ಟೇ ಡಾಂಬರು ಸುರಿದಿದ್ದರು. ಎಸ್ಟಿಲ್ ಸರಿಯಾಗಿ ಅದರ ಮೇಲೆ, ಎರಡೂ ಕಾಲು ಊರಿ, ಎದೆ ಉಬ್ಬಿಸಿ ನಿಂತ. ಕ್ಲೋವಿಸ್ ಭಾಷಣ ಶುರು ಮಾಡಿದ. ಅವನ ಭಾಷಣದಲ್ಲಿ ಡಾಂಬರು ಕರಗುವುದಕ್ಕೂ ಸಮಯವಿತ್ತು, ಮತ್ತೆ ಬಿಗಿಯುವುದಕ್ಕೂ ಸಮಯವಿತ್ತು.

ಕೊನೆಗೆ ರಿಬ್ಬನ್ನು ಕತ್ತರಿಸಿದರು. ಎಸ್ಟಿಲ್ ಬ್ಯಾಂಜೋ ಎತ್ತಿಕೊಂಡು ಶುರು ಮಾಡಿದ.

ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಅವನು ಹೋಬಾರ್ಟ್‌ನ ಕಡೆ ತಲೆಯಾಡಿಸಿದ, ಬದುಕಿನ ಮೊದಲ ತಲೆಯಾಟ. ಹೋಬಾರ್ಟ್ ಮುಂದೆ ಬಂದು ಪಿಟೀಲಿನಲ್ಲಿ ಬೆಂಕಿ ಎಬ್ಬಿಸಿದ. ಆಮೇಲೆ ಮ್ಯಾಂಡೊಲಿನ್, ಆಮೇಲೆ ಗಿಟಾರು. ಜನ ಕುಣಿಯತೊಡಗಿದರು. ವರ್ನೆಲ್ ಎಲ್ಲರಿಗಿಂತ ಮುಂದೆ ನಿಂತು ಹಿಮ್ಮಡಿ ಕುಟ್ಟುತ್ತಿದ್ದಳು. ಎಲ್ಲರ ಸರದಿ ಮುಗಿಯಿತು. ಎಸ್ಟಿಲ್ ನನ್ನ ಕಡೆ ನೋಡಿ ನಕ್ಕು, ಕಾಲು ಎತ್ತಿದ.

ಕಾಲು ಏಳಲಿಲ್ಲ.

ಇನ್ನೊಂದನ್ನು ಎತ್ತಿದ. ಅದೂ ಏಳಲಿಲ್ಲ. ಬೂಟಿನಿಂದಲಾದರೂ ಕಾಲು ಕೀಳೋಣವೆಂದರೆ ಡಾಯ್ಲ್‌ನ ಬೂಟು ಬಿಡಬೇಕಲ್ಲ. ಅವನ ನಗು ಹಾಗೇ ಹೆಪ್ಪುಗಟ್ಟಿತು. ಕೈ ಎರಡೂ ಬ್ಯಾಂಜೋ ಮೇಲಿದ್ದವು. ಕಾಲು ನೋಡು ಎಂದು ಹೋಬಾರ್ಟ್‌ಗೆ ತಲೆಯಿಂದ ಸನ್ನೆ ಮಾಡಿದ. ತಲೆಯಿಂದ ಮಾಡುವ ಸನ್ನೆಗೆ ನಮ್ಮಲ್ಲಿ ಒಂದೇ ಅರ್ಥ. "ಮತ್ತೆ ನನಗಾ!" ಎಂದು ಹೋಬಾರ್ಟ್ ಹಿಗ್ಗಿ ಇನ್ನೊಂದು ಸುತ್ತು ಹೊರಟ. ಎಸ್ಟಿಲ್ ಗಾಬರಿಯಲ್ಲಿ ಈ ಕಡೆ ತಿರುಗಿದ, ಮ್ಯಾಂಡೊಲಿನ್ ಮುಂದೆ ಬಂತು. ಬೆವರು ಕೊಡವಲು ತಲೆ ಕುಣಿಸಿದ, ಗಿಟಾರು ಮುಂದೆ ಬಂತು. "ನಿಲ್ಸ್ರೋ!" ಎಂದು ಕೂಗಿದ. ಹಾಡಿನ ನಡುವೆ ಕೂಗುವುದು ನಮ್ಮಲ್ಲಿ ಸಂತೋಷದ ಲಕ್ಷಣ; ಇಡೀ ಸೇತುವೆ "ಹೋಯ್!" ಎಂದು ತಿರುಗಿ ಕೂಗಿತು. ಸುಮ್ಮನೆ ಕೈ ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಯಜಮಾನನೇ ಕಾಲೆತ್ತದೆ ನಡುವೆ ಕೈ ಬಿಟ್ಟರೆ ಆಮೇಲೆ ಅವನು ಊರು ಬಿಡಬೇಕಾಗುತ್ತದೆ.

ಹಾಡು ಸುತ್ತುತ್ತಲೇ ಇತ್ತು. ಸೇತುವೆಯ ಎರಡೂ ಬದಿ ಕಲ್ಲಿದ್ದಲಿನ ಲಾರಿಗಳು ನಿಂತು ಹಾರ್ನು ಹೊಡೆದವು, ಆಮೇಲೆ ತಾಳಕ್ಕೆ ಸರಿಯಾಗಿ ಹೊಡೆದವು. ನನ್ನ ಬೆರಳಿನಲ್ಲಿ ಬೊಬ್ಬೆ ಎದ್ದಿತು. ಒಂದು ಗಂಟೆ ಮೀರಿರಬೇಕು. ಎಸ್ಟಿಲ್ ಅಳುತ್ತ ಬಾರಿಸುತ್ತಿದ್ದ. "ನೋಡ್ರೀ, ಎಷ್ಟು ಭಾವ ತುಂಬಿ ಬಾರಿಸ್ತಾನೆ" ಎಂದಳು ಪಕ್ಕದಲ್ಲೊಬ್ಬಳು.

ಸೇತುವೆಯ ಈಚೆ ತುದಿಯಲ್ಲಿ ಲೂಲಾ ಮಡಿಸುವ ಕುರ್ಚಿಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದರು. ಆಕೆಯ ಮನೆ ಹೊಳೆಯ ಆಚೆಗೆ. ಗಂಟೆ ನಾಲ್ಕಾಗುತ್ತ ಬಂದಿತ್ತು. ಹೇಸರಗತ್ತೆಯ ಹಾಡು ದಾರಿ ಕಟ್ಟಿ ನಿಂತು, ಮನೆಯಲ್ಲಿ ಹೇಸರಗತ್ತೆ ತಪ್ಪಿಹೋಗುವ ಕಾಲ ಬಂತು. ಆಕೆ ಎದ್ದರು. ಕೈಚೀಲ ಬೀಸುತ್ತ ಕುಣಿಯುವವರನ್ನು ಸೀಳಿಕೊಂಡು ಬಂದರು.

"ದಾರಿ ಬಿಡ್ರೋ! ಲೋ ಕ್ಲೋವಿಸ್, ಆ ಕಡೆ ಸಾಯೋ! ಎಸ್ಟಿಲ್, ನಿಲ್ಸೋ ಅದನ್ನ!"

"ಆಗಲ್ಲ ಅತ್ತೇ!"

"ಯಾಕೋ ಆಗಲ್ಲ?"

"ಕಾಲು ಏಳ್ತಿಲ್ಲ ಅತ್ತೇ!"

"ನಂದು ಏಳುತ್ತೆ!" ಎಂದು ಲಂಗದ ಅಂಚು ಎತ್ತಿ ಹಿಡಿದು ಅಳಿಯನ ಮೊಣಕಾಲಿನ ಕೆಳಗೆ ಧಡ್ ಎಂದು ಒದ್ದರು.

ದುಂಡಿನ ನಡುವೆ ಒಂದು ಕಾಲು ಮೇಲೆದ್ದಿತು. ಯಾರ ಕಾಲು ಎಂದು ನೋಡುವುದು ನಮ್ಮ ಕೆಲಸವಲ್ಲ. ಪಿಟೀಲು, ಮ್ಯಾಂಡೊಲಿನ್, ಗಿಟಾರು, ಬೇಸ್, ಎಲ್ಲ ಒಂದೇ ಪೆಟ್ಟಿಗೆ ನಿಂತವು. ಅಷ್ಟು ಅಚ್ಚುಕಟ್ಟಾಗಿ ನಾವು ಯಾವತ್ತೂ ಮುಗಿಸಿರಲಿಲ್ಲ.

ಹೊಳೆಯ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಜನ ಚಪ್ಪಾಳೆ ಹೊಡೆದರು. "ಟೀವಿಯಲ್ಲಿ ಇರೋ ಹಾಗೇ ಮುಗಿಸಿದ್ರು! ಥೇಟ್ ಹೇಸರಗತ್ತೆ!" ಎಂದು ಯಾರೋ ಕೂಗಿದರು. ಲೂಲಾ ಆ ಕಡೆ ತಿರುಗಿದ ಕೂಡಲೇ ಕೂಗಿದವನು ಕಾಣೆಯಾದ.

"ಈಗ ನಿಜ ಹೇಳು" ಎಂದರು ಲೂಲಾ ಅಳಿಯನಿಗೆ. "ಇನ್ನೊಂದು ಕಾಲೂ ಇದೆ ನನ್ನ ಹತ್ರ."

ಎಸ್ಟಿಲ್ ಕ್ಲೋವಿಸನ ಮೈಕಿನ ಕಡೆ ಬಾಗಿದ. "ನಾನಲ್ಲ" ಎಂದ. "ಟೀವಿಯ ಬ್ಯಾಂಜೋ ನಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಲೂಗಡ್ಡೆನೇ ಸುಲಿದಿದ್ದು. ಅವತ್ತು ನನಗೆ ಸೀನು ಬಂದಿತ್ತು, ಅಷ್ಟೇ. ಹೋಬಾರ್ಟ್ ಕುರ್ಚಿ ಕೊಟ್ಟ. ಕುರ್ಚಿ ಚೆನ್ನಾಗಿತ್ತು."

ಕ್ಲೋವಿಸ್ ಹಣೆಗೆ ಕೈ ಹಚ್ಚಿಕೊಂಡು, "ಬೋರ್ಡು ಬರೆಸಿ ಆಯ್ತಲ್ಲಪ್ಪಾ" ಎಂದ. ಎಸ್ಟಿಲ್ ಹೆಂಡತಿಯ ಕಡೆ ನೋಡಲಾರದೆ ಬೂಟು ನೋಡುತ್ತ ನಿಂತ. ಓಡಿಹೋಗೋಣ ಎಂದರೆ ಅದಕ್ಕೂ ಕಾಲು ಬೇಕಲ್ಲ.

ಹೋಬಾರ್ಟ್ ಗಡ್ಡ ತುರಿಸಿಕೊಂಡ. "ತಡಿ" ಎಂದ. "ಟೀವಿಯವನು ಎಷ್ಟು ಹೊತ್ತು ಬಾರಿಸಿದಾನೆ? ಒಂದು ನಿಮಿಷವೂ ಇಲ್ಲ. ಇವನು ಎಷ್ಟು ಹೊತ್ತು ಬಾರಿಸಿದ? ಗಂಟೆ ಮೇಲೆ. ಶುರುವಲ್ಲಿ ಎಷ್ಟು ಹಿಂದಿದ್ನೋ ಕೊನೇಲೂ ಅಷ್ಟೇ ಹಿಂದೆ, ಒಂದು ಕೂದಲು ಆಚೆ ಈಚೆ ಆಗಿಲ್ಲ. ಹಾಗಾದ್ರೆ ಇಬ್ಬರಲ್ಲಿ ದೊಡ್ಡವನು ಯಾರು?"

ಈ ಲೆಕ್ಕವನ್ನು ತಪ್ಪೆನ್ನುವವರು ಸೇತುವೆಯ ಮೇಲೆ ಯಾರೂ ಇರಲಿಲ್ಲ.

ವರ್ನೆಲ್ ಬಂದು ಗಂಡನ ಬೆವರು ಒರೆಸಿದಳು. "ನಾನು ಇಷ್ಟು ಹೊತ್ತು ಕುಣಿದಿದ್ದು ಟೀವಿಗಲ್ಲ ಕಣೋ, ಪೆದ್ದ" ಎಂದಳು. "ಟೀವಿ ಮುಂದೆ ನಾನು ಯಾವತ್ತು ಕುಣಿದಿದೀನಿ?" ಎಸ್ಟಿಲ್ ಮತ್ತೆ ಅತ್ತ. ಈ ಸಲ ನಿಜವಾಗಿಯೂ ಭಾವ ತುಂಬಿ ಬಂದಿತ್ತು.

ನಾಲ್ಕು ಜನ ಸೇರಿ ಎಳೆದಾಗ ಕಾಲು ಬಂತು, ಬೂಟು ಬರಲಿಲ್ಲ. ಅವು ಇನ್ನೂ ಅಲ್ಲೇ ಇವೆ. ಲಾರಿಯವರು ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ಡಾಯ್ಲ್ ಆಗಾಗ ಬಂದು ನೋಡಿಕೊಂಡು ನಿಟ್ಟುಸಿರು ಬಿಡುತ್ತಾನೆ. ಬೋರ್ಡೂ ಹಾಗೇ ಇದೆ. ಸತ್ತ ಮೇಲೆ ಸರಿಹೋಗುತ್ತದೆ, ಸುಮ್ಮನೆ ಬಣ್ಣ ಯಾಕೆ ದಂಡ ಎಂದ ಕ್ಲೋವಿಸ್. ಬೆಟ್ಟದ ಆಚೆಯಿಂದ ಈಗಲೂ ಅಪರೂಪಕ್ಕೆ ಒಂದು ಕಡುಬು ಬರುತ್ತದೆ.

ಎಸ್ಟಿಲನ ಕುರ್ಚಿ ದುಂಡಿನೊಳಗೇ ಉಳಿಯಿತು. ಬೆಂಚಿನ ಮೇಲೆ ವರ್ನೆಲ್, ಪಕ್ಕದಲ್ಲಿ ಲೂಲಾ. ಹಾಡು ನಿಲ್ಲಿಸಬೇಕಾದಾಗ ಈಗ ಲೂಲಾ ಕಾಲು ಎತ್ತುತ್ತಾರೆ. ಪಾದ್ರಿಗಳು ಕೇಳಿದ್ದಕ್ಕೆ, "ನಾನು ಹೋಗೋದು ಬಾರಿಸೋಕಲ್ಲ, ನಿಲ್ಸೋಕೆ. ಅದು ಪುಣ್ಯದ ಕೆಲಸ" ಎಂದರಂತೆ.

ಹೋದ ತಿಂಗಳು ಎಸ್ಟಿಲ್ ಮತ್ತೆ ನನ್ನ ಕತ್ತಿಯ ಕೆಳಗೆ ಮಲಗಿದ್ದ. ದುಂಡಿನಲ್ಲಿ ಅದೇ ಹೇಸರಗತ್ತೆಯ ಹಾಡು ನಡೆದಿತ್ತು. ಹೋಬಾರ್ಟ್‌ನ ಸರದಿ, ಅವನು ಕಣ್ಣು ಮುಚ್ಚಿ ಮೋಡದ ಮೇಲಿದ್ದ. ಪರವೂರಿನ ಬಟ್ಟೆ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು, "ಚೆನ್ನಾಗಿದೆಯಲ್ಲ! ಇದನ್ನ ಟೀವಿಗೆ ಬಾರಿಸಿದ್ದು ಯಾರು?" ಎಂದು ಕೇಳಿದ.

ಎಸ್ಟಿಲನ ಮೂಗು ಅರಳಿದ್ದನ್ನು ನಾನು ಕಂಡೆ. ಅವನು ಹತ್ತೂ ಬೆರಳುಗಳಿಂದ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಕತ್ತಿ ಗಲ್ಲದ ಮೇಲಿತ್ತು. ಬೆರಳು ಎತ್ತಲಿಲ್ಲ. ಮೈಯೆಲ್ಲ ಸೇರಿಸಿ ಒಂದು ಸೀನು ಸೀನಿದ, ಎರಡೂ ಕಾಲು ಸೂರಿನ ಕಡೆ ಹಾರಿದವು.

ಹಾಡು ಅಲ್ಲಿಗೇ ನಿಂತಿತು. ಹೋಬಾರ್ಟ್‌ನ ಕಮಾನು ಗಾಳಿಯಲ್ಲೇ ಉಳಿಯಿತು. ಅವನು ಇವತ್ತಿಗೂ ಎಸ್ಟಿಲನೊಡನೆ ಸರಿಯಾಗಿ ಮಾತಾಡುತ್ತಿಲ್ಲ.

ಎಸ್ಟಿಲನ ಗಲ್ಲದ ಮೇಲೆ ಕತ್ತಿ ತಾಗಿದ ಒಂದು ಸಣ್ಣ ಗೆರೆ ಉಳಿದಿದೆ. ಯಾರಾದರೂ ಏನಾಯಿತು ಎಂದು ಕೇಳಿದರೆ, "ಇದಾ? ಟೀವಿ ಕೆಲಸದಲ್ಲಿ ಆಗಿದ್ದು" ಎನ್ನುತ್ತಾನೆ.